ಸೈಟು, ಹೊಲದ ವಿಸ್ತೀರ್ಣ ಲೆಕ್ಕ ಹಾಕುವ ಮೊದಲ ಪೈಥಾನ್ ಪ್ರೋಗ್ರಾಂ: ಎಡವದೆ ಬರೆಯಲು ಸಮಗ್ರ ಮಾರ್ಗದರ್ಶಿ

ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಕಂಪ್ಯೂಟರ್ ಕಲಿಯಲು ಬರುವ ಮಕ್ಕಳಿಗೆ ಶುರುವಿನಲ್ಲೇ ಕೊಡುವ ಕೆಲಸ ಇದು: ಉದ್ದ ಅಗಲ ಕೇಳಿಕೊಂಡು ವಿಸ್ತೀರ್ಣ ಹೇಳುವ ಪ್ರೋಗ್ರಾಂ ಬರೆಯಿರಿ. ಐದಾರು ಸಾಲಿನ ಕೆಲಸ. ಆದರೂ ಪ್ರತಿ ತಂಡವೂ ಅದೇ ಜಾಗಗಳಲ್ಲಿ ಎಡವುತ್ತದೆ. ಕೆಲವರದು ಓಡುವುದೇ ಇಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಬಗೆ: ಪ್ರೋಗ್ರಾಂ ಸಲೀಸಾಗಿ ಓಡುತ್ತದೆ, ಉತ್ತರವೂ ಬರುತ್ತದೆ, ಆದರೆ ಉತ್ತರವೇ ತಪ್ಪು. ಕೆಂಪಕ್ಷರದಲ್ಲಿ ಬೈದರೆ ತಿದ್ದಿಕೊಳ್ಳಬಹುದು. ನಗುನಗುತ್ತಾ ಸುಳ್ಳು ಹೇಳಿದರೆ ಹಿಡಿಯುವುದು ಕಷ್ಟ. ಅದನ್ನು ಹಿಡಿಯುವ ಉಪಾಯ ಕೋಡ್‌ನಲ್ಲಿಲ್ಲ, ಕೆಲಸದ ಕ್ರಮದಲ್ಲಿದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಹಂತ 1: ಕಾಗದದ ಮೇಲೆ ಉತ್ತರ ಬರೆದಿಟ್ಟುಕೊಳ್ಳಿ

ಲ್ಯಾಪ್‌ಟಾಪ್ ಇನ್ನೂ ತೆರೆಯಬೇಡಿ. ಮೊದಲು ಅಳತೆಯ ಮಾನಗಳನ್ನು ಖಚಿತ ಮಾಡಿಕೊಳ್ಳಿ. ನಮ್ಮ ಕಡೆ ಸೈಟಿಗೆ ಅಡಿ, ಜಮೀನಿಗೆ ಗುಂಟೆ ಮತ್ತು ಎಕರೆ. 33 ಅಡಿ ಉದ್ದ 33 ಅಡಿ ಅಗಲದ ಜಾಗ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ, ಅಂದರೆ 43,560 ಚದರ ಅಡಿ.

ಈಗ ಉತ್ತರ ಮೊದಲೇ ಗೊತ್ತಿರುವ ಮೂರು ಲೆಕ್ಕ ಬರೆದಿಡಿ.

33 × 33 ಅಡಿ: 1,089 ಚದರ ಅಡಿ, ಸರಿಯಾಗಿ 1 ಗುಂಟೆ.
30 × 40 ಅಡಿ: 1,200 ಚದರ ಅಡಿ, ಸುಮಾರು 1.1 ಗುಂಟೆ.
198 × 220 ಅಡಿ: 43,560 ಚದರ ಅಡಿ, ಸರಿಯಾಗಿ 40 ಗುಂಟೆ.

ಪ್ರೋಗ್ರಾಂ ಎಷ್ಟು ಸಲ ಬದಲಾಯಿಸಿದರೂ ಅಷ್ಟು ಸಲವೂ ಈ ಮೂರನ್ನು ಕೊಟ್ಟು ನೋಡಬೇಕು. ಇದನ್ನು ಬಿಟ್ಟು ಮುಂದೆ ಹೋದವರೇ ಆಮೇಲೆ 'ಸರ್, ಔಟ್‌ಪುಟ್ ಬಂದಿದೆ, ಸರೀನಾ ತಪ್ಪಾ ಗೊತ್ತಾಗ್ತಿಲ್ಲ' ಅಂತ ಬರುವುದು.

ಹಂತ 2: ಬೇಕಾದ ಸಾಮಾನು

ಕಂಪ್ಯೂಟರ್ ಇದ್ದರೆ ಪೈಥಾನ್ 3 ಹಾಕಿಕೊಳ್ಳಿ. ಪೈಥಾನ್ ಡಾಟ್ ಆರ್ಗ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ವಿಂಡೋಸ್‌ನಲ್ಲಿ ಅದರ ಜೊತೆಗೇ ಐಡಲ್ ಎಂಬ ಬರೆಯುವ ಕಿಟಕಿಯೂ ಬರುತ್ತದೆ, ಈ ಕೆಲಸಕ್ಕೆ ಅದೇ ಸಾಕು. ಕಂಪ್ಯೂಟರ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ 3 ಆ್ಯಪ್ ಬಳಸಬಹುದು.

ಐಡಲ್ ತೆರೆದ ಕೂಡಲೇ ಮೂರು ಬಾಣದ ಗುರುತು ಇರುವ ಕಿಟಕಿ ಕಾಣುತ್ತದೆ. ಪ್ರೋಗ್ರಾಂ ಅಲ್ಲಿ ಬರೆಯಬೇಡಿ. ಅದು ಒಂದೊಂದು ಸಾಲನ್ನೂ ಅಲ್ಲಲ್ಲೇ ಓಡಿಸಿಬಿಡುವ ಜಾಗ. ಫೈಲ್ ಮೆನುವಿನಲ್ಲಿ ನ್ಯೂ ಫೈಲ್ ಒತ್ತಿ, ಹೊಸ ಖಾಲಿ ಕಿಟಕಿಯಲ್ಲಿ ಬರೆದು, ಕಂಟ್ರೋಲ್ ಎಸ್ ಒತ್ತಿ ಉಳಿಸಿ, ಎಫ್5 ಒತ್ತಿ ಓಡಿಸಿ. ಉತ್ತರ ಬಾಣದ ಕಿಟಕಿಯಲ್ಲಿ ಬರುತ್ತದೆ.

ಕನ್ನಡ ಟೈಪಿಂಗ್ ಯೂನಿಕೋಡ್‌ನಲ್ಲೇ ಇರಬೇಕು. ವಿಂಡೋಸ್‌ನ ಕನ್ನಡ ಕೀಬೋರ್ಡ್ ಆಗಲಿ, ಫೋನಿನ ಕನ್ನಡ ಕೀಬೋರ್ಡ್ ಆಗಲಿ ತೊಂದರೆಯಿಲ್ಲ. ಡಿಟಿಪಿ ಅಂಗಡಿಯಲ್ಲಿ ಕಲಿತವರು ನುಡಿ ತಂತ್ರಾಂಶದಲ್ಲಿ ಹಳೆಯ ಫಾಂಟ್ ಆರಿಸಿ ಟೈಪ್ ಮಾಡಿದರೆ ಐಡಲ್‌ನಲ್ಲಿ ಬರೀ ಗೋಜಲು ಚಿಹ್ನೆಗಳು ಕಾಣುತ್ತವೆ. ನುಡಿಯನ್ನೇ ಬಳಸುವುದಾದರೆ ಯೂನಿಕೋಡ್ ಆಯ್ಕೆಗೆ ಬದಲಿಸಿಕೊಳ್ಳಿ. ಲ್ಯಾಬ್‌ನ ಲಿನಕ್ಸ್ ಯಂತ್ರಗಳ ಐಡಲ್‌ನಲ್ಲಿ ಒತ್ತಕ್ಷರ ಒಡೆದು ಕಂಡರೆ ಗಾಬರಿ ಬೇಡ, ಅದು ತೋರಿಕೆಯ ದೋಷ ಅಷ್ಟೇ. ಲೆಕ್ಕ ಕೆಡುವುದಿಲ್ಲ.

ಹಂತ 3: ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕಾದ ಪದಗಳು

ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಉದ್ದ, ಅಗಲ, ಗುಂಟೆ ಎಲ್ಲವೂ ನಡೆಯುತ್ತವೆ. ಆದರೆ ಪೈಥಾನ್‌ನ ಸ್ವಂತ ಪದಗಳು ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಇರಬೇಕು. ಕೆಳಗಿನ ಕೋಡ್‌ನಲ್ಲಿ ಓದಲು ಸುಲಭವಾಗಲಿ ಅಂತ ಅವನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಈ ಆರು ಪದಗಳನ್ನು ಮಾತ್ರ ಬದಲಿಸಿಕೊಳ್ಳಿ:

ಪ್ರಿಂಟ್: ಪಿ ಆರ್ ಐ ಎನ್ ಟಿ. ತೆರೆಯ ಮೇಲೆ ತೋರಿಸಲು.
ಇನ್‌ಪುಟ್: ಐ ಎನ್ ಪಿ ಯು ಟಿ. ಬಳಸುವವರನ್ನು ಕೇಳಲು.
ಫ್ಲೋಟ್: ಎಫ್ ಎಲ್ ಒ ಎ ಟಿ. ಅಕ್ಷರವನ್ನು ದಶಮಾಂಶ ಸಂಖ್ಯೆ ಮಾಡಲು.
ರೌಂಡ್: ಆರ್ ಒ ಯು ಎನ್ ಡಿ. ಚುಕ್ಕಿಯ ನಂತರದ ಅಂಕೆಗಳನ್ನು ಕಡಿಮೆ ಮಾಡಲು.
ಡೆಫ್: ಡಿ ಇ ಎಫ್. ರಿಟರ್ನ್: ಆರ್ ಇ ಟಿ ಯು ಆರ್ ಎನ್. ಈ ಎರಡು ಆರನೇ ಹಂತದಲ್ಲಿ ಬೇಕಾಗುತ್ತವೆ.

ಹಾಗಾಗಿ ಇಲ್ಲಿಂದ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಓಡುವುದಿಲ್ಲ. ಕೈಯಾರೆ ಟೈಪ್ ಮಾಡಿದವರಿಗೇ ಇದು ಹತ್ತುವುದು, ಆದ್ದರಿಂದ ಅದು ನಷ್ಟವೇನಲ್ಲ.

ಐಡಲ್‌ನಲ್ಲಿ ಬಣ್ಣ ನೋಡುತ್ತಾ ಹೋಗಿ. ಮೊದಲ ನಾಲ್ಕು ಪದ ಸರಿಯಾಗಿದ್ದರೆ ನೇರಳೆ ಬಣ್ಣಕ್ಕೆ ತಿರುಗುತ್ತವೆ, ಕೊನೆಯೆರಡು ಕಿತ್ತಳೆಗೆ. ಉದ್ಧರಣ ಚಿಹ್ನೆಯೊಳಗಿನ ಬರಹ ಹಸಿರಾಗುತ್ತದೆ. ಬಣ್ಣ ಬರಲಿಲ್ಲ ಎಂದರೆ ಕಾಗುಣಿತ ತಪ್ಪಿದೆ, ಓಡಿಸುವ ಮುಂಚೆಯೇ ಗೊತ್ತಾಯಿತು. ಫೋನಿನಲ್ಲಿ ಬರೆಯುವವರು ಇನ್ನೊಂದು ನೋಡಿಕೊಳ್ಳಿ: ಸಾಲಿನ ಮೊದಲ ಅಕ್ಷರವನ್ನು ಕೀಬೋರ್ಡ್ ತಾನಾಗಿಯೇ ದೊಡ್ಡಕ್ಷರ ಮಾಡಿಬಿಡುತ್ತದೆ. ಪೈಥಾನ್‌ಗೆ ಅದು ಗುರುತು ಪರಿಚಯವಿಲ್ಲದ ಪದ.

ಹಂತ 4: ಸೈಟಿನ ಪ್ರೋಗ್ರಾಂ, ಒಂದೊಂದೇ ಸಾಲು

ಆರು ಸಾಲನ್ನೂ ಬರೆದು ಮುಗಿಸಿ ಓಡಿಸಬೇಡಿ. ಮೊದಲು ಒಂದೇ ಸಾಲು:

    ಉದ್ದ = ಇನ್‌ಪುಟ್("ಉದ್ದ ಎಷ್ಟು ಅಡಿ? ")

ಓಡಿಸಿ. ಪ್ರಶ್ನೆ ಬಂತೇ? 30 ಅಂತ ಕೊಟ್ಟು ಎಂಟರ್ ಒತ್ತಿ. ಏನೂ ಆಗದೆ ಸುಮ್ಮನೆ ಮುಗಿಯಿತು, ಸರಿಯಾಗಿಯೇ ಇದೆ. ಈಗ ಅಗಲದ ಸಾಲನ್ನೂ ಹಾಗೆಯೇ ಬರೆದು, ಮೂರನೇ ಸಾಲಿನಲ್ಲಿ ಉದ್ದ * ಅಗಲ ಎಂದು ಗುಣಿಸಿ ಓಡಿಸಿ. ಕೆಂಪಕ್ಷರ ಬರುತ್ತದೆ, ಕೊನೆಯ ಸಾಲಿನಲ್ಲಿ ಟೈಪ್ ಎರರ್ ಎಂದಿರುತ್ತದೆ. ಬೇಕೆಂದೇ ತರಿಸಿದ್ದು ಇದು. ಇನ್‌ಪುಟ್ ತಂದುಕೊಡುವುದು ಸಂಖ್ಯೆಯನ್ನಲ್ಲ, ಬರಹವನ್ನು. ನೀವು ಕೊಟ್ಟ 30 ಪೈಥಾನ್ ಪಾಲಿಗೆ ಮೂರು ಮತ್ತು ಸೊನ್ನೆ ಎಂಬ ಎರಡು ಅಕ್ಷರ. ಗುಣಿಸುವ ಬದಲು ಕೂಡಿಸಿದ್ದರೆ ಬೈಯುತ್ತಲೂ ಇರಲಿಲ್ಲ, 30 ಮತ್ತು 40ನ್ನು ಅಂಟಿಸಿ 3040 ಅಂತ ಕೊಟ್ಟುಬಿಡುತ್ತಿತ್ತು. ಸುತ್ತಳತೆ ಲೆಕ್ಕ ಹಾಕಲು ಹೋದವರಿಗೆ ಆಗುವುದು ಇದೇ.

ಪರಿಹಾರ, ಇನ್‌ಪುಟ್ ಅನ್ನು ಫ್ಲೋಟ್‌ನೊಳಗೆ ಇಡುವುದು. ಪೂರ್ತಿ ಪ್ರೋಗ್ರಾಂ ಹೀಗಿರುತ್ತದೆ:

    ಉದ್ದ = ಫ್ಲೋಟ್(ಇನ್‌ಪುಟ್("ಉದ್ದ ಎಷ್ಟು ಅಡಿ? "))
    ಅಗಲ = ಫ್ಲೋಟ್(ಇನ್‌ಪುಟ್("ಅಗಲ ಎಷ್ಟು ಅಡಿ? "))
    ಚದರಡಿ = ಉದ್ದ * ಅಗಲ
    ಗುಂಟೆ = ಚದರಡಿ / 1089
    ಪ್ರಿಂಟ್("ಚದರ ಅಡಿ:", ಚದರಡಿ)
    ಪ್ರಿಂಟ್("ಗುಂಟೆ:", ರೌಂಡ್(ಗುಂಟೆ, 2))

ಮೊದಲೆರಡು ಸಾಲಿನ ಕೊನೆಯಲ್ಲಿ ಎರಡೆರಡು ಆವರಣ ಮುಚ್ಚಬೇಕು, ಒಂದು ಇನ್‌ಪುಟ್‌ನದು, ಒಂದು ಫ್ಲೋಟ್‌ನದು. ಒಂದನ್ನು ಮರೆತರೆ ಪೈಥಾನ್ ಕೆಲವೊಮ್ಮೆ ಮುಂದಿನ ಸಾಲಿನತ್ತ ಬೆರಳು ತೋರಿಸುತ್ತದೆ. ತೋರಿಸಿದ ಸಾಲಿನಲ್ಲಿ ತಪ್ಪೇ ಕಾಣದಿದ್ದರೆ ಅದರ ಮೇಲಿನ ಸಾಲು ನೋಡಿ.

ಕಾಗದದ ಮೂರೂ ಲೆಕ್ಕ ಕೊಡಿ. 30, 40ಕ್ಕೆ 1200.0 ಮತ್ತು 1.1 ಬರಬೇಕು. ಹಿಂದೆ ಬರುವ ಸೊನ್ನೆ ಫ್ಲೋಟ್‌ನ ಗುರುತು, ತಪ್ಪಲ್ಲ.

ಚದರ ಮೀಟರ್ ಬೇಕಾದರೆ ಅಡಿಯನ್ನು 0.3048ರಿಂದ ಗುಣಿಸಬೇಕು, ಆದರೆ ಎರಡು ಸಲ. ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ. 30 × 40 ಸೈಟು 111.48 ಚದರ ಮೀಟರ್. 365 ಅಂತ ಬಂದರೆ ಒಂದೇ ಸಲ ಗುಣಿಸಿದ್ದೀರಿ.

ಹಂತ 5: ಚುಕ್ಕಿಯ ಮೋಸ

ಅತಿ ಹೆಚ್ಚು ಜನ ಬೀಳುವ ಗುಂಡಿ ಇದು. ಇಲ್ಲಿ ಯಾವ ಎರರ್ರೂ ಬರುವುದಿಲ್ಲ.

ಟೇಪಿನಲ್ಲಿ 30 ಅಡಿ 6 ಅಂಗುಲ ಬಂದಿದೆ. ಬರೆದುಕೊಳ್ಳುವಾಗ ನಾವೆಲ್ಲ 30.6 ಅಂತಲೇ ಬರೆಯುತ್ತೇವೆ. ಮೇಸ್ತ್ರಿಗೂ ಅರ್ಥವಾಗುತ್ತದೆ, ಮನೆಯವರಿಗೂ ಅರ್ಥವಾಗುತ್ತದೆ. ಪೈಥಾನ್‌ಗೆ ಮಾತ್ರ ಅದು ಮೂವತ್ತು ಅಡಿ, ಮತ್ತೊಂದು ಅಡಿಯ ಹತ್ತರಲ್ಲಿ ಆರು ಭಾಗ. ಅಡಿಗೆ 12 ಅಂಗುಲವಾದ್ದರಿಂದ ಸರಿಯಾದ ಸಂಖ್ಯೆ 30.5. ಹತ್ತು, ಹನ್ನೊಂದು ಅಂಗುಲ ಬಂದಾಗ ಇನ್ನೂ ಕೆಡುತ್ತದೆ: 12 ಅಡಿ 10 ಅಂಗುಲವನ್ನು 12.10 ಅಂತ ಕೊಟ್ಟರೆ ಅದು 12.1 ಆಗುತ್ತದೆ, ನಿಜಕ್ಕೂ ಆಗಬೇಕಾದದ್ದು 12.83. ಅಡಿ, ಅಂಗುಲ ಎರಡನ್ನೂ ಬೇರೆಬೇರೆಯಾಗಿ ಕೇಳಿ ಕೂಡಿಸುವುದೇ ಸರಿ:

    ಅಡಿ = ಫ್ಲೋಟ್(ಇನ್‌ಪುಟ್("ಅಡಿ? "))
    ಅಂಗುಲ = ಫ್ಲೋಟ್(ಇನ್‌ಪುಟ್("ಅಂಗುಲ? "))
    ಉದ್ದ = ಅಡಿ + ಅಂಗುಲ / 12

ಜಮೀನಿನ ವಿಷಯದಲ್ಲಿ ಇದೇ ಚುಕ್ಕಿ ಇನ್ನೂ ದುಬಾರಿ. ಪಹಣಿಯ ವಿಸ್ತೀರ್ಣದ ಕಾಲಂನಲ್ಲಿ 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ, 100 ಗುಂಟೆ. ಅದನ್ನು ಹಾಗೇ ಫ್ಲೋಟ್‌ಗೆ ಕೊಟ್ಟು 40ರಿಂದ ಗುಣಿಸಿದರೆ ಬರುವುದು 88. ಹನ್ನೆರಡು ಗುಂಟೆ ಮಾಯ! ಹೀಗೆ ಪ್ರೋಗ್ರಾಂ ಬರೆದು ಮನೆಯಲ್ಲಿ ತೋರಿಸಿದ ಹುಡುಗನಿಗೆ ಹಿಪ್ಪುನೇರಳೆ ತೋಟದ ಅಜ್ಜ ಒಂದೇ ನೋಟದಲ್ಲಿ ಕೇಳಿದ್ದು, 'ಪಾಣೀಲಿ ಎರಡೂವರೆ ಎಕ್ರೆ ಐತೆ, ನಿನ್ ಕಂಪ್ಯೂಟ್ರು ಎರಡೆಕ್ರೆ ಎಂಟು ಗುಂಟೆ ಅಂತದಲ್ಲಪ್ಪಾ, ಮಿಕ್ಕಿದ್ದು ಯಾರಿಗೆ ಬರ್ಕೊಟ್ಟೆ?' ಅಜ್ಜನ ಹತ್ತಿರ ಇದ್ದದ್ದು ಮೊದಲೇ ಗೊತ್ತಿದ್ದ ಉತ್ತರ. ಒಂದನೇ ಹಂತದಲ್ಲಿ ಕಾಗದದ ಮೇಲೆ ಬರೆಸಿದ್ದು ಅದಕ್ಕೇ.

ಇಲ್ಲೂ ಮದ್ದು ಅದೇ, ಎರಡು ಪ್ರಶ್ನೆ:

    ಎಕರೆ = ಫ್ಲೋಟ್(ಇನ್‌ಪುಟ್("ಎಕರೆ? "))
    ಗುಂಟೆ = ಫ್ಲೋಟ್(ಇನ್‌ಪುಟ್("ಗುಂಟೆ? "))
    ಒಟ್ಟು = ಎಕರೆ * 40 + ಗುಂಟೆ
    ಪ್ರಿಂಟ್("ಒಟ್ಟು ಗುಂಟೆ:", ಒಟ್ಟು)
    ಪ್ರಿಂಟ್("ಚದರ ಅಡಿ:", ಒಟ್ಟು * 1089)

ತಿರುಗಿಸಿ ಹೇಳಬೇಕಾದಾಗ ಒಟ್ಟು // 40 ಎಂದರೆ ಎಕರೆ, ಒಟ್ಟು % 40 ಎಂದರೆ ಉಳಿದ ಗುಂಟೆ. ಎರಡು ಓರೆಗೆರೆಯದು ಪೂರ್ಣ ಭಾಗಲಬ್ಧ, ಶೇಕಡಾ ಚಿಹ್ನೆಯದು ಶೇಷ. ಉಳಿದ ಗುಂಟೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಲ್ಲೋ ತಪ್ಪಿದೆ ಎಂದೇ ಲೆಕ್ಕ.

ಹಂತ 6: ಸೊಟ್ಟ ಹೊಲ

ನಮ್ಮಲ್ಲಿ ಚಚ್ಚೌಕ ಹೊಲ ಇರುವವರು ಪುಣ್ಯವಂತರು. ಉಳಿದವರಿಗೆ ಊರಿನಲ್ಲಿ ಒಂದು ಲೆಕ್ಕವಿದೆ: ಎದುರುಬದುರು ಬದಿಗಳನ್ನು ಕೂಡಿಸಿ ಅರ್ಧ ಮಾಡು, ಎರಡು ಅರ್ಧಗಳನ್ನು ಗುಣಿಸು. ಪ್ರೋಗ್ರಾಂನಲ್ಲೂ ಹಲವರು ಇದನ್ನೇ ಬರೆಯುತ್ತಾರೆ. ಮೂಲೆಗಳು ಲಂಬ ಕೋನವಾಗಿರುವ ಆಯತಕ್ಕೆ ಮಾತ್ರ ಅದು ಸರಿ. ಬೇರೆ ಯಾವ ನಾಲ್ಕು ಬದಿಯ ಆಕಾರಕ್ಕೂ ನಿಜಕ್ಕಿಂತ ಹೆಚ್ಚೇ ತೋರಿಸುತ್ತದೆ, ಎಂದೂ ಕಡಿಮೆಯಲ್ಲ. ಕೊಳ್ಳುವವರಿಗೆ ನಷ್ಟ.

ನಾಲ್ಕು ಬದಿ ಗೊತ್ತಿದ್ದ ಮಾತ್ರಕ್ಕೆ ವಿಸ್ತೀರ್ಣ ಗೊತ್ತಾಗುವುದಿಲ್ಲ, ಅದೇ ಬದಿಗಳಿಟ್ಟುಕೊಂಡು ಹೊಲವನ್ನು ವಾಲಿಸಬಹುದು. ಒಂದು ಕರ್ಣವನ್ನೂ ಅಳೆಯಬೇಕು. ವಾಯವ್ಯ ಮೂಲೆಯಿಂದ ಆಗ್ನೇಯ ಮೂಲೆಗೆ ಟೇಪ್ ಹಿಡಿಯಿರಿ. ಆಗ ಹೊಲ ಎರಡು ತ್ರಿಕೋನವಾಗುತ್ತದೆ: ಉತ್ತರದ ಬದಿ, ಪೂರ್ವದ ಬದಿ, ಕರ್ಣ ಒಂದು; ದಕ್ಷಿಣ, ಪಶ್ಚಿಮ, ಕರ್ಣ ಇನ್ನೊಂದು. ಕ್ರಯಪತ್ರದ ಚಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆಗಳ ವಿವರ) ಓದಿ ಅಭ್ಯಾಸ ಇರುವವರಿಗೆ ಈ ಹೆಸರುಗಳು ತಪ್ಪುವುದಿಲ್ಲ. ಮೂರು ಬದಿಯಿಂದ ತ್ರಿಕೋನದ ವಿಸ್ತೀರ್ಣ ಹೇಳುವ ಹೆರಾನ್ ಸೂತ್ರವನ್ನು ಹೈಸ್ಕೂಲಿನಲ್ಲೇ ಕಲಿತಿರುತ್ತೀರಿ.

    ಡೆಫ್ ತ್ರಿಕೋನ(ಅ, ಆ, ಇ):
        ಅರ್ಧ = (ಅ + ಆ + ಇ) / 2
        ರಿಟರ್ನ್ (ಅರ್ಧ * (ಅರ್ಧ - ಅ) * (ಅರ್ಧ - ಆ) * (ಅರ್ಧ - ಇ)) ** 0.5

    ಉತ್ತರ = ಫ್ಲೋಟ್(ಇನ್‌ಪುಟ್("ಉತ್ತರದ ಬದಿ? "))
    ಪೂರ್ವ = ಫ್ಲೋಟ್(ಇನ್‌ಪುಟ್("ಪೂರ್ವದ ಬದಿ? "))
    ದಕ್ಷಿಣ = ಫ್ಲೋಟ್(ಇನ್‌ಪುಟ್("ದಕ್ಷಿಣದ ಬದಿ? "))
    ಪಶ್ಚಿಮ = ಫ್ಲೋಟ್(ಇನ್‌ಪುಟ್("ಪಶ್ಚಿಮದ ಬದಿ? "))
    ಕರ್ಣ = ಫ್ಲೋಟ್(ಇನ್‌ಪುಟ್("ವಾಯವ್ಯದಿಂದ ಆಗ್ನೇಯಕ್ಕೆ? "))
    ಚದರಡಿ = ತ್ರಿಕೋನ(ಉತ್ತರ, ಪೂರ್ವ, ಕರ್ಣ) + ತ್ರಿಕೋನ(ದಕ್ಷಿಣ, ಪಶ್ಚಿಮ, ಕರ್ಣ)
    ಪ್ರಿಂಟ್("ಚದರ ಅಡಿ:", ಚದರಡಿ)
    ಪ್ರಿಂಟ್("ಗುಂಟೆ:", ರೌಂಡ್(ಚದರಡಿ / 1089, 2))

ಡೆಫ್ ಕೆಳಗಿನ ಎರಡು ಸಾಲುಗಳು ನಾಲ್ಕು ಜಾಗ ಒಳಗೆ ಸರಿದಿರಬೇಕು, ಡೆಫ್ ಸಾಲಿನ ಕೊನೆಯಲ್ಲಿ ಎರಡು ಚುಕ್ಕಿ (:) ಇರಬೇಕು. ವರ್ಗಮೂಲಕ್ಕೆ ** 0.5 ಸಾಕು, ಬೇರೆ ಏನನ್ನೂ ಆಮದು ಮಾಡಿಕೊಳ್ಳಬೇಕಿಲ್ಲ. ಫಲಿತಾಂಶಕ್ಕೆ ಉತ್ತರ ಅಂತ ಹೆಸರಿಡಬೇಡಿ, ಆ ಹೆಸರು ಇಲ್ಲಿ ದಿಕ್ಕಿಗೆ ಹೋಗಿದೆ. ಇಟ್ಟರೆ ಬದಿಯ ಅಳತೆ ಅಳಿಸಿಹೋಗುತ್ತದೆ.

ಪರೀಕ್ಷೆಗೆ ಪೂರ್ವಕ್ಕೆ ಕಿರಿದಾದ, ಪಶ್ಚಿಮಕ್ಕೆ ಹರಡಿದ ಒಂದು ಹೊಲ ತೆಗೆದುಕೊಳ್ಳಿ. ಉತ್ತರ 120, ಪೂರ್ವ 50, ದಕ್ಷಿಣ 140, ಪಶ್ಚಿಮ 150, ಕರ್ಣ 130 ಅಡಿ. ಮೊದಲ ತ್ರಿಕೋನ 3,000, ಎರಡನೆಯದು 8,400, ಒಟ್ಟು 11,400 ಚದರ ಅಡಿ ಬರಬೇಕು, 10.47 ಗುಂಟೆ. ಊರಿನ ಸರಾಸರಿ ಲೆಕ್ಕದಲ್ಲಿ ಇದೇ ಹೊಲ 130 × 100, ಅಂದರೆ 13,000 ಚದರ ಅಡಿ. ವ್ಯತ್ಯಾಸ 1,600. ಒಂದು 30 × 40 ಸೈಟಿಗಿಂತ ದೊಡ್ಡದು!

ಎಚ್ಚರಿಕೆಯ ಗುರುತು: ಫಲಿತಾಂಶದಲ್ಲಿ ಜೆ ಎಂಬ ಇಂಗ್ಲಿಷ್ ಅಕ್ಷರ ಕಂಡರೆ, ಅದರ ಹಿಂದೆಯೇ ರೌಂಡ್ ಸಾಲಿನಲ್ಲಿ ಟೈಪ್ ಎರರ್ ಬಂದರೆ, ತಪ್ಪು ಕೋಡ್‌ನಲ್ಲಿಲ್ಲ, ಅಳತೆಯಲ್ಲಿದೆ. ಎರಡು ಬದಿ ಸೇರಿದರೂ ಮೂರನೆಯದರಷ್ಟು ಉದ್ದವಾಗದಿದ್ದರೆ ಅದು ತ್ರಿಕೋನವೇ ಅಲ್ಲ. ಆಗ ವರ್ಗಮೂಲದೊಳಗೆ ಋಣ ಸಂಖ್ಯೆ ಬಂದು ಪೈಥಾನ್ ಮಿಶ್ರ ಸಂಖ್ಯೆ (ಕಾಂಪ್ಲೆಕ್ಸ್ ನಂಬರ್) ಕೊಡುತ್ತದೆ. ಹೆಚ್ಚಾಗಿ ಕರ್ಣವನ್ನು ಬೇರೆ ಎರಡು ಮೂಲೆಗಳ ನಡುವೆ ಅಳೆದಿರುತ್ತೀರಿ, ಇಲ್ಲವೇ ಒಂದು ಅಂಕೆ ಬಿಟ್ಟಿರುತ್ತೀರಿ.

ಹಂತ 7: ಬಾವಿ ಕಳೆಯುವುದು

ತೋಟದ ಮಧ್ಯೆ ದುಂಡು ಬಾವಿಯಿದ್ದರೆ ಅದರ ವಿಸ್ತೀರ್ಣ ಕಳೆಯಬೇಕು. ವೃತ್ತಕ್ಕೆ ಬೇಕಾದದ್ದು ತ್ರಿಜ್ಯ, ಆದರೆ ಟೇಪಿನಲ್ಲಿ ನಾವು ಅಳೆಯುವುದು ವ್ಯಾಸ. ಅರ್ಧ ಮಾಡಲು ಮರೆತರೆ ಬಾವಿ ನಾಲ್ಕು ಪಟ್ಟು ದೊಡ್ಡದಾಗುತ್ತದೆ.

    ವ್ಯಾಸ = ಫ್ಲೋಟ್(ಇನ್‌ಪುಟ್("ಬಾವಿಯ ವ್ಯಾಸ ಎಷ್ಟು ಅಡಿ? "))
    ತ್ರಿಜ್ಯ = ವ್ಯಾಸ / 2
    ಬಾವಿ = 3.14159 * ತ್ರಿಜ್ಯ ** 2

20 ಅಡಿ ವ್ಯಾಸಕ್ಕೆ 314.16 ಚದರ ಅಡಿ. ವರ್ಗಕ್ಕೆ ಎರಡು ನಕ್ಷತ್ರವೇ ಬೇಕು. ಕ್ಯಾಲ್ಕುಲೇಟರ್‌ನ ಅಭ್ಯಾಸದಿಂದ ಟೊಪ್ಪಿಗೆ ಗುರುತು ^ ಹಾಕಿದರೆ ಪೈಥಾನ್‌ನಲ್ಲಿ ಅದು ಬೇರೆಯೇ ಕ್ರಿಯೆ: 10 ^ 2 ಎಂದರೆ ನೂರಲ್ಲ, 8 ಬರುತ್ತದೆ. ದಶಮಾಂಶ ಸಂಖ್ಯೆಯಾದರೆ ಎರರ್ ಬರುತ್ತದೆ, ಅದೇ ವಾಸಿ.

ಕೆಂಪಕ್ಷರ ಬಂದಾಗ

ಕೆಳಗಿನ ಸಾಲಿನಿಂದ ಓದಿ. ಎರರ್‌ನ ಹೆಸರು ಅಲ್ಲಿರುತ್ತದೆ.

ನೇಮ್ ಎರರ್: ಹೆಸರು ಒಂದೆಡೆ ಒಂದು ಥರ, ಇನ್ನೊಂದೆಡೆ ಇನ್ನೊಂದು ಥರ ಬರೆದಿದ್ದೀರಿ. ಚದರಡಿ ಅಂತ ಇಟ್ಟು ಚದರಅಡಿ ಅಂತ ಕರೆದರೆ ಓಗೊಡುವುದಿಲ್ಲ.

ವ್ಯಾಲ್ಯೂ ಎರರ್: ಕೋಡ್ ಸರಿಯಿದೆ, ಕೊಟ್ಟ ಉತ್ತರ ಸರಿಯಿಲ್ಲ. 40 ಅಡಿ ಎಂದು ಪದ ಸೇರಿಸಿದರೂ, 1,200 ಎಂದು ಅಲ್ಪವಿರಾಮ ಹಾಕಿದರೂ ಫ್ಲೋಟ್ ಒಪ್ಪುವುದಿಲ್ಲ. ಅಂದಹಾಗೆ, ಪ್ರಶ್ನೆಗೆ ೪೦ ಎಂದು ಕನ್ನಡ ಅಂಕಿಯಲ್ಲಿ ಉತ್ತರಿಸಿದರೆ ಒಪ್ಪುತ್ತದೆ. ಆದರೆ ಕೋಡ್‌ನೊಳಗೆ 1089 ಬದಲು ೧೦೮೯ ಬರೆದರೆ ಆಗದು.

ಸಿಂಟ್ಯಾಕ್ಸ್ ಎರರ್: ಆವರಣ, ಉದ್ಧರಣ ಚಿಹ್ನೆ ನೋಡಿ. ವಾಟ್ಸ್‌ಆ್ಯಪ್‌ನಿಂದಲೋ ವರ್ಡ್‌ನಿಂದಲೋ ತಂದ ಕೋಡ್‌ನಲ್ಲಿ ಉದ್ಧರಣ ಚಿಹ್ನೆ ಬಾಗಿರುತ್ತದೆ, ಪೈಥಾನ್‌ಗೆ ನೆಟ್ಟಗಿರುವುದೇ ಬೇಕು. ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಎದುರಾಗುವ ಇನ್ನೊಂದಿದೆ: ಸಂದೇಶದಲ್ಲಿ ಯು+200ಸಿ ಎಂದು ಕಂಡರೆ, ಹೆಸರಿನೊಳಗೆ ಕಣ್ಣಿಗೆ ಕಾಣದ ಅಕ್ಷರವೊಂದು ಕೂತಿದೆ. ಒತ್ತಕ್ಷರ ಕೂಡದಂತೆ ಬಿಡಿಸಲು ಕೀಬೋರ್ಡ್ ಹಾಕುವ ಗುರುತು ಅದು. ಎಷ್ಟು ದಿಟ್ಟಿಸಿದರೂ ಕಾಣದು, ಆ ಹೆಸರನ್ನು ಅಳಿಸಿ ಬೇರೆ ಸರಳ ಹೆಸರಿಡಿ. ಉದ್ಧರಣ ಚಿಹ್ನೆಯೊಳಗಿದ್ದರೆ ಮಾತ್ರ ತೊಂದರೆಯಿಲ್ಲ.

ಹೊಲಕ್ಕೆ ಒಯ್ಯುವ ಮುನ್ನ

ನಂದಿ ಬೆಟ್ಟದ ಸುತ್ತಿನ ಇಳಿಜಾರು ಜಮೀನಿನಲ್ಲಿ ಟೇಪನ್ನು ನೆಲಕ್ಕೆ ಒರಗಿಸಿ ಅಳೆಯಬೇಡಿ. ದಾಖಲೆಯ ವಿಸ್ತೀರ್ಣ ಸಮತಟ್ಟಿನ ಲೆಕ್ಕದ್ದು. ಸಮವಾಗಿ 100 ಅಡಿ ಹೋಗುವಷ್ಟರಲ್ಲಿ ನೆಲ 20 ಅಡಿ ಇಳಿದಿದ್ದರೆ ಒರಗಿಸಿದ ಟೇಪು ಸುಮಾರು 102 ತೋರಿಸುತ್ತದೆ. ತುಂಡು ತುಂಡಾಗಿ, ಟೇಪನ್ನು ಮಟ್ಟವಾಗಿ ಎತ್ತಿ ಹಿಡಿದು ಅಳೆಯಿರಿ.

ಬಂದ ಉತ್ತರ ಪಹಣಿಗೆ ಹೊಂದದಿದ್ದರೆ ಕೂಡಲೇ ಪಕ್ಕದವರ ಬದುವಿನ ಮೇಲೆ ಅನುಮಾನ ಪಡಬೇಡಿ. ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಬೇರೆ ತೋರಿಸಿರುತ್ತದೆಯೇ ನೋಡಿ, ಒಟ್ಟಿನಿಂದ ಅದನ್ನು ಕಳೆದ ಮೇಲೆ ಉಳಿದದ್ದಕ್ಕೂ ನೀವು ಅಳೆದದ್ದಕ್ಕೂ ಹೋಲಿಸಿ. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವುದಿದ್ದರೆ ಬೇಕಾಗುವುದು ಭೂಮಾಪಕರು ಅಳೆದು ಕೊಡುವ 11ಇ ನಕ್ಷೆ. ಅಲ್ಲಿ ಈ ಪ್ರೋಗ್ರಾಂನ ಪ್ರಿಂಟ್‌ಔಟ್ ನಡೆಯುವುದಿಲ್ಲ.